ಯಂತ್ರದ ಪಾಸ್‌ವರ್ಡ್ ಸೋರಿದರೆ ಫಲಿತಾಂಶವೂ ಕೆಟ್ಟಂತೆಯೇ? ಕೊಲರಾಡೊದಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ನಾನು ಮೈಸೂರಿನವಳು, ಈಗ ಕೊಲರಾಡೊ ರಾಜ್ಯದ ಅರೋರಾದಲ್ಲಿ ನೆಲೆಸಿದ್ದೇನೆ. ಅಮೆರಿಕದ ಪೌರತ್ವ ಸಿಕ್ಕ ಮೇಲೆ 2024ರ ನವೆಂಬರ್ ಚುನಾವಣೆಯಲ್ಲಿ ಮೊದಲ ಸಲ ಇಲ್ಲಿ ಮತ ಹಾಕಿದೆ. ಊರಿನಲ್ಲಿದ್ದಾಗ ಇವಿಎಂ ಗುಂಡಿ ಒತ್ತಿ, ಬೀಪ್ ಕೇಳಿಸಿಕೊಂಡು ಬರುತ್ತಿದ್ದೆ. ಇಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬಂತು. ಅದನ್ನು ತುಂಬಿ ಪೆಟ್ಟಿಗೆಗೆ ಹಾಕಿ ಬಂದ ಮೇಲೆ, ರಾಜ್ಯದ ಮತಯಂತ್ರಗಳ ಪಾಸ್‌ವರ್ಡ್‌ಗಳು ಸರ್ಕಾರಿ ವೆಬ್‌ಸೈಟಿನಲ್ಲೇ ತಿಂಗಳುಗಟ್ಟಲೆ ಇದ್ದವು ಎಂಬ ಸುದ್ದಿ ಓದಿದೆ. ಹಾಗೆ ಪಾಸ್‌ವರ್ಡ್ ಬಹಿರಂಗಪಡಿಸುವುದು 2022ರ ರಾಜ್ಯ ಕಾಯ್ದೆಯ ಪ್ರಕಾರ ಅಪರಾಧವಂತೆ, ಆದರೂ ಯಾರ ಮೇಲೂ ಮೊಕದ್ದಮೆ ಆಗಲಿಲ್ಲ. ಹಾಗಾದರೆ ಆ ಕಾಯ್ದೆಯಿಂದ ಏನು ಪ್ರಯೋಜನ? ನಮ್ಮ ಕನ್ನಡ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ, ಯಂತ್ರಗಳು ಇಂಟರ್‌ನೆಟ್‌ಗೆ ಜೋಡಣೆಯಾಗಿವೆ, ಹೊರದೇಶದಿಂದಲೇ ಮತ ಬದಲಾಯಿಸಬಹುದು, ಕೈಯಿಂದ ಎಣಿಸುವುದೊಂದೇ ದಾರಿ ಎಂಬ ಸಂದೇಶಗಳು ಓಡಾಡುತ್ತಿವೆ. ಮುಂದಿನ ಚುನಾವಣೆಯಲ್ಲಿ ಎಲೆಕ್ಷನ್ ಜಡ್ಜ್ ಆಗಿ, ಅಂದರೆ ಮತದಾನ ಮತ್ತು ಎಣಿಕೆಗೆ ನೆರವಾಗುವ ಚುನಾವಣಾ ಸಿಬ್ಬಂದಿಯಾಗಿ, ಕೆಲಸ ಮಾಡಬೇಕೆಂಬ ಆಸೆ ನನಗಿದೆ. ಇಂಥ ವ್ಯವಸ್ಥೆಯಲ್ಲಿ ಅದಕ್ಕೆ ಅರ್ಥವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಯಂತ್ರ ಸುರಕ್ಷಿತವೇ ಎಂಬುದು ಒಂದು. ಫಲಿತಾಂಶ ನಿಜವೇ ಎಂಬುದು ಇನ್ನೊಂದು. ಸುದ್ದಿಗಳಲ್ಲಿ ಇವೆರಡೂ ಒಂದೇ ಎಂಬಂತೆ ಕಾಣುತ್ತವೆ, ಆದರೆ ಕೊಲರಾಡೊ ಇವಕ್ಕೆ ಬೇರೆ ಬೇರೆ ಕಾಯ್ದೆಗಳಲ್ಲಿ ಉತ್ತರ ಕೊಟ್ಟಿದೆ. 2022ರ ಕಾಯ್ದೆ ಯಂತ್ರವಿರುವ ಕೋಣೆಯನ್ನು ಕಾಯುತ್ತದೆ. ಫಲಿತಾಂಶವನ್ನು ಕಾಯುವುದು 2009ರ ಕಾಯ್ದೆ. ಎಲ್ಲರ ಬಾಯಲ್ಲಿರುವುದು ಮೊದಲನೆಯದು, ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ್ದು ಎರಡನೆಯದು.

ಮೊದಲು 2024ರ ಸೋರಿಕೆಯನ್ನೇ ನೋಡೋಣ. ಕೊಲರಾಡೊದಲ್ಲಿ ಚುನಾವಣೆಗಳ ಮೇಲ್ವಿಚಾರಣೆ ನಡೆಸುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ರಾಜ್ಯದ ಮತದಾನ ಸಲಕರಣೆಗಳ ಪಟ್ಟಿಯನ್ನು ಸ್ಪ್ರೆಡ್‌ಶೀಟ್ ರೂಪದಲ್ಲಿ ತನ್ನ ವೆಬ್‌ಸೈಟಿನಲ್ಲಿ ಹಾಕಿತ್ತು. ಅದರಲ್ಲಿ ಮೇಲ್ನೋಟಕ್ಕೆ ಕಾಣದಂತೆ ಮರೆಮಾಡಿದ್ದ ಹಾಳೆಗಳಲ್ಲಿ ಬಯೋಸ್ ಪಾಸ್‌ವರ್ಡ್‌ಗಳಿದ್ದವು. ಆ ಕಡತ ಜೂನ್‌ನಿಂದ ಅಕ್ಟೋಬರ್ ಕೊನೆಯ ವಾರದವರೆಗೆ ಅಲ್ಲಿಯೇ ಇತ್ತು, ಮತ್ತು 34 ಕೌಂಟಿಗಳಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಆ ಪಾಸ್‌ವರ್ಡ್‌ಗಳು ಇನ್ನೂ ಬಳಕೆಯಲ್ಲಿದ್ದವು. ಬಯೋಸ್ ಎಂದರೆ ಕಂಪ್ಯೂಟರ್ ಚಾಲೂ ಆಗುವಾಗ, ವಿಂಡೋಸ್ ಏಳುವುದಕ್ಕೂ ಮೊದಲು ಓಡುವ ತಳಮಟ್ಟದ ತಂತ್ರಾಂಶ. ಆ ಪಾಸ್‌ವರ್ಡ್ ಗೊತ್ತಿದ್ದವರು ಯಂತ್ರವನ್ನು ತಮ್ಮದೇ ಯುಎಸ್‌ಬಿ ಡ್ರೈವ್‌ನಿಂದ ಚಾಲೂ ಮಾಡುವಂತೆ ಹೊಂದಿಸಬಹುದು. ಆದ್ದರಿಂದ ಇದು ಸಣ್ಣ ತಪ್ಪಲ್ಲ. ಆದರೆ ಆ ಪಾಸ್‌ವರ್ಡನ್ನು ಎಲ್ಲೋ ಕುಳಿತು ಟೈಪ್ ಮಾಡಲಾಗದು, ಯಂತ್ರದ ಮುಂದೆಯೇ ನಿಂತು ಅದರ ಕೀಲಿಮಣೆಯಲ್ಲಿ ಒತ್ತಬೇಕು. ಅಲ್ಲಿಗೆ ತಲುಪಬೇಕಾದರೆ ಕೀ ಕಾರ್ಡ್ ಬೇಕಾದ, ಹಗಲೂ ರಾತ್ರಿ ಕ್ಯಾಮೆರಾ ಓಡುವ ಕೋಣೆಯನ್ನು ದಾಟಬೇಕು. ಅದರ ಮೇಲೆ, ಪ್ರತಿ ಯಂತ್ರಕ್ಕೂ ಎರಡು ಪಾಸ್‌ವರ್ಡ್‌ಗಳಿದ್ದು ಅವು ಬೇರೆ ಬೇರೆಯವರ ವಶದಲ್ಲಿರುತ್ತವೆ. ವಿಷಯ ಹೊರಬಂದ ಮೇಲೆ ರಾಜ್ಯ ಸರ್ಕಾರ ಕೌಂಟಿಗಳಿಗೆ ಸಿಬ್ಬಂದಿಯನ್ನು ಕಳುಹಿಸಿ, ಅಕ್ಟೋಬರ್ 31ರ ಹೊತ್ತಿಗೆ ಪಾಸ್‌ವರ್ಡ್‌ಗಳನ್ನು ಬದಲಾಯಿಸಿತು.

ಇಂಟರ್‌ನೆಟ್ ಜೋಡಣೆಯ ಸಂದೇಶದಲ್ಲಿ ಸುಳ್ಳಿನ ಜೊತೆ ಒಂದು ಗೊಂದಲವೂ ಸೇರಿದೆ. ಕೊಲರಾಡೊದಲ್ಲಿ ಮತ ಎಣಿಸುವ ಸ್ಕ್ಯಾನರ್‌ಗಳನ್ನಾಗಲಿ, ಅವುಗಳ ಲೆಕ್ಕ ಕೂಡಿಸುವ ಸರ್ವರ್ ಅನ್ನಾಗಲಿ ಇಂಟರ್‌ನೆಟ್‌ಗೆ ಜೋಡಿಸುವಂತಿಲ್ಲ. ಜೋಡಣೆ ಇರುವುದು ಬೇರೆಡೆ: ಮತದಾರರ ಪಟ್ಟಿಯ ವ್ಯವಸ್ಥೆ ಜಾಲದ ಮೇಲೆ ಇರುತ್ತದೆ, ಚುನಾವಣೆಯ ರಾತ್ರಿ ನೀವು ನೋಡುವ ಫಲಿತಾಂಶದ ವೆಬ್‌ಸೈಟ್ ಇರುತ್ತದೆ. ಆ ವೆಬ್‌ಸೈಟಿನ ಅಂಕಿಗಳು ಅನಧಿಕೃತ. ಯಾರಾದರೂ ಅದನ್ನು ಹಾಳುಗೆಡವಿದರೆ ಒಂದು ರಾತ್ರಿ ಭಾರೀ ಗದ್ದಲವಾದೀತು, ಆದರೆ ಮತಪತ್ರಗಳು ಪೆಟ್ಟಿಗೆಯಲ್ಲಿ ಇದ್ದಂತೆಯೇ ಇರುತ್ತವೆ. ಹಾಗೆಂದು ಜೋಡಣೆ ಇಲ್ಲದ ಯಂತ್ರ ಸಂಪೂರ್ಣ ಸುರಕ್ಷಿತ ಎಂದೂ ನಾನು ಹೇಳಲಾರೆ. ಚುನಾವಣೆಯ ಮಾಹಿತಿ ಡ್ರೈವ್‌ಗಳ ಮೂಲಕ ಯಂತ್ರದೊಳಗೆ ಹೋಗುತ್ತದೆ, ಹೊರಗೂ ಬರುತ್ತದೆ. ಚುನಾವಣಾ ಭದ್ರತೆಯ ನಮ್ಮ ವೃತ್ತಿಯಲ್ಲಿ ನಮಗೆ ಹೆಚ್ಚು ಚಿಂತೆಯಾಗಿರುವುದು ದೂರದ ಹ್ಯಾಕರ್ ಅಲ್ಲ, ಕೋಣೆಯ ಕೀ ಕಾರ್ಡ್ ಇರುವ ಒಳಗಿನವರು.

2022ರ ಕಾಯ್ದೆ ಹುಟ್ಟಿದ್ದೇ ಆ ಚಿಂತೆಯಿಂದ. 2021ರ ಮೇ ತಿಂಗಳಲ್ಲಿ ರಾಜ್ಯದ ಪಶ್ಚಿಮ ಭಾಗದ ಮೆಸಾ ಕೌಂಟಿಯಲ್ಲಿ, ಚುನಾವಣೆ ನಡೆಸುವ ಹೊಣೆ ಹೊತ್ತ ಕೌಂಟಿ ಕ್ಲರ್ಕ್ ಅವರೇ, ಯಂತ್ರಗಳ ತಂತ್ರಾಂಶ ನವೀಕರಣದ ಸಮಯದಲ್ಲಿ ಹೊರಗಿನ ವ್ಯಕ್ತಿಯೊಬ್ಬರನ್ನು ಬೇರೊಬ್ಬರ ಬ್ಯಾಡ್ಜ್‌ನ ಮೇಲೆ ಒಳಗೆ ಬಿಟ್ಟರು. ಆಗ ಕ್ಯಾಮೆರಾಗಳು ಆರಿದ್ದವು. ಹಾರ್ಡ್ ಡ್ರೈವ್‌ಗಳ ಪೂರ್ಣ ಪ್ರತಿ ತೆಗೆಯಲಾಯಿತು. ಆಗಸ್ಟ್‌ನಲ್ಲಿ ಪಾಸ್‌ವರ್ಡ್‌ಗಳು ಕಾಣುವ ದೃಶ್ಯಗಳೊಡನೆ ಅವು ಇಂಟರ್‌ನೆಟ್‌ನಲ್ಲಿ ಬಂದವು. ರಾಜ್ಯವು ಆ ಯಂತ್ರಗಳನ್ನು ಬಳಕೆಗೆ ಅನರ್ಹವೆಂದು ಘೋಷಿಸಿ, ಕೌಂಟಿ ಹೊಸವನ್ನು ತರಬೇಕಾಯಿತು. 2024ರ ಆಗಸ್ಟ್‌ನಲ್ಲಿ ತೀರ್ಪುಗಾರರ ಮಂಡಳಿ ಆ ಕ್ಲರ್ಕ್ ಅವರನ್ನು ಹತ್ತು ಆರೋಪಗಳ ಪೈಕಿ ಏಳರಲ್ಲಿ ಅಪರಾಧಿ ಎಂದಿತು. ಆ ಏಳು ಯಾವುವು ಎಂದು ನೋಡಿದರೆ ಕಾನೂನಿನಲ್ಲಿದ್ದ ಕೊರತೆ ತಿಳಿಯುತ್ತದೆ: ಸರ್ಕಾರಿ ನೌಕರರ ಮೇಲೆ ಪ್ರಭಾವ ಬೀರುವ ಯತ್ನ, ಬೇರೊಬ್ಬರ ಸೋಗು ಹಾಕಿಸುವ ಒಳಸಂಚು, ಕರ್ತವ್ಯಲೋಪ, ಇತ್ಯಾದಿ. ಮತಯಂತ್ರದ ಹಾರ್ಡ್ ಡ್ರೈವ್ ನಕಲು ಮಾಡುವುದನ್ನೇ ನೇರವಾಗಿ ಹೆಸರಿಸುವ ಆರೋಪ ಆ ಪಟ್ಟಿಯಲ್ಲಿ ಇರಲಿಲ್ಲ.

ಆ ಕೊರತೆಯನ್ನು ತುಂಬಲು ಶಾಸನಸಭೆ 2022ರಲ್ಲಿ ಸೆನೆಟ್ ಮಸೂದೆ 153ನ್ನು ಅಂಗೀಕರಿಸಿತು. ಮತದಾನ ಸಲಕರಣೆಯನ್ನು ಅನಧಿಕೃತವಾಗಿ ಕೆದಕುವುದು, ಪಾಸ್‌ವರ್ಡ್‌ಗಳನ್ನು ಗೊತ್ತಿದ್ದೂ ಪ್ರಕಟಿಸುವುದು ಫೆಲೊನಿ ದರ್ಜೆಯ, ಅಂದರೆ ಗಂಭೀರ ಸ್ವರೂಪದ, ಅಪರಾಧಗಳಾದವು. ರಾಜ್ಯದ ಅನುಮತಿಯಿಲ್ಲದೆ ಹಾರ್ಡ್ ಡ್ರೈವ್‌ನ ಪ್ರತಿ ತೆಗೆಯುವಂತಿಲ್ಲ ಎಂದಾಯಿತು. ಸಲಕರಣೆಗಳಿರುವ ಕೋಣೆಗೆ ಕೀ ಕಾರ್ಡ್ ಮತ್ತು ನಿರಂತರ ಕ್ಯಾಮೆರಾ ಕಣ್ಗಾವಲು ಕಡ್ಡಾಯವಾದವು. ಕ್ಲರ್ಕ್‌ಗಳು ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕಾಯಿತು, ಅಕ್ರಮವನ್ನು ಕಂಡು ದೂರು ಕೊಡುವ ಸಿಬ್ಬಂದಿಗೆ ರಕ್ಷಣೆ ಸಿಕ್ಕಿತು. ಸಣ್ಣ ಕೌಂಟಿಗಳಿಗೆ ಕ್ಯಾಮೆರಾ, ಬೀಗಗಳ ಖರ್ಚು ಭಾರವಾಗುವುದರಿಂದ ಸಹಾಯಧನವನ್ನೂ ಇಡಲಾಯಿತು. ಇಂಥ ಕಾಯ್ದೆಗಳಲ್ಲಿ ಬಹಳ ಸಲ ಬಿಟ್ಟುಹೋಗುವ ಅಂಶ ಅದು. ಹಣವಿಲ್ಲದ ಆದೇಶ ಕೊನೆಗೆ ಗುಮಾಸ್ತರ ಮೇಜಿನ ಮೇಲೆ ಇನ್ನೊಂದು ಅರ್ಜಿ ನಮೂನೆಯಾಗಿ ಉಳಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ‘ಗೊತ್ತಿದ್ದೂ’ ಎಂಬ ಷರತ್ತೇ 2024ರಲ್ಲಿ ಮೊಕದ್ದಮೆಯನ್ನು ತಡೆಯಿತು. ಆ ಸ್ಪ್ರೆಡ್‌ಶೀಟನ್ನು ತಯಾರಿಸಿದ ನೌಕರರು ಕೆಲಸ ಬಿಟ್ಟು ಹೋಗಿದ್ದರು, ಆಮೇಲೆ ಅದನ್ನು ವೆಬ್‌ಸೈಟಿಗೆ ಏರಿಸಿದವರಿಗೆ ಒಳಗೆ ಮರೆಯಾದ ಹಾಳೆಗಳಿರುವುದೇ ತಿಳಿದಿರಲಿಲ್ಲ. ರಾಜಧಾನಿ ಡೆನ್ವರ್‌ನ ಡಿಸ್ಟ್ರಿಕ್ಟ್ ಅಟಾರ್ನಿ (ಮೊಕದ್ದಮೆ ಹೂಡುವ ಸರ್ಕಾರಿ ವಕೀಲರು) ತನಿಖೆ ನಡೆಸಿ, ಇದು ಉದ್ದೇಶಪೂರ್ವಕವೆಂದು ಸಾಬೀತುಪಡಿಸಲಾಗದು ಎಂಬ ಕಾರಣಕ್ಕೆ ಪ್ರಕರಣ ದಾಖಲಿಸಲಿಲ್ಲ. ಹೊರಗಿನಿಂದ ನೋಡಿದವರಿಗೆ ಕೌಂಟಿ ಕ್ಲರ್ಕ್‌ಗೆ ಒಂದು ನ್ಯಾಯ, ರಾಜಧಾನಿಯ ಕಚೇರಿಗೆ ಇನ್ನೊಂದು ನ್ಯಾಯ ಎನ್ನಿಸಿದ್ದರೆ ಅದು ಸಹಜ. ಆದರೆ ಅಚಾತುರ್ಯಕ್ಕೂ ಜೈಲು ಎಂದು ಕಾಯ್ದೆ ಬರೆದರೆ, ತಪ್ಪು ಕಂಡ ನೌಕರ ಅದನ್ನು ಮೇಲಧಿಕಾರಿಗೆ ಹೇಳುವ ಬದಲು ಸದ್ದಿಲ್ಲದೆ ಅಳಿಸಿಹಾಕುತ್ತಾನೆ. ಭದ್ರತೆಯ ಕೆಲಸದಲ್ಲಿ ಅದಕ್ಕಿಂತ ಕೆಟ್ಟ ಅಭ್ಯಾಸ ಬೇರೆ ಇಲ್ಲ. ನನ್ನ ತಕರಾರು ಬೇರೆ. 2022ರ ಕಾಯ್ದೆಯನ್ನು ಮೆಸಾದ ಒಂದು ಪ್ರಕರಣವನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಂತಿದೆ: ಅಪಾಯ ಕೌಂಟಿಯಲ್ಲಿದೆ, ಕಾವಲುಗಾರ ರಾಜ್ಯ ಕಚೇರಿ ಎಂಬುದು ಅದರ ಒಳಗಿನ ನಂಬಿಕೆ. ಪಾಸ್‌ವರ್ಡ್‌ಗಳನ್ನು ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿ ಇಡಬಾರದು, ಏನನ್ನಾದರೂ ಪ್ರಕಟಿಸುವ ಮುನ್ನ ಇನ್ನೊಬ್ಬರು ಪರಿಶೀಲಿಸಬೇಕು ಎಂಬಂಥ ಶಿಸ್ತು ರಾಜ್ಯ ಕಚೇರಿಗೂ ಅಷ್ಟೇ ಬಿಗಿಯಾಗಿ ಅನ್ವಯಿಸಬೇಕಿತ್ತು. ಅದಕ್ಕೆ ಜೈಲು ಬೇಕಿಲ್ಲ, ಹೊರಗಿನವರು ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡಿದರೆ ಸಾಕು.

ಇಷ್ಟಾದ ಮೇಲೂ ಬೀಗ ಮುರಿಯುವವರು ಮುರಿಯುತ್ತಾರೆ, ಪಾಸ್‌ವರ್ಡ್ ಸೋರುತ್ತದೆ. ಆದ್ದರಿಂದ ಯಂತ್ರ ಕೆಟ್ಟಿದೆ ಎಂದೇ ಭಾವಿಸಿ, ಆಗಲೂ ಫಲಿತಾಂಶ ಸರಿಯಿದೆಯೇ ಎಂದು ಪರೀಕ್ಷಿಸುವ ದಾರಿ ಬೇಕು. ಕೊಲರಾಡೊ ಆ ದಾರಿಗೆ ಬಂದದ್ದು ಕಹಿ ಅನುಭವದಿಂದಲೇ. 2006ರಲ್ಲಿ ಮತದಾರರು ಹೂಡಿದ ದಾವೆಯಲ್ಲಿ, ರಾಜ್ಯವು ಟಚ್‌ಸ್ಕ್ರೀನ್ ಯಂತ್ರಗಳನ್ನು ಸರಿಯಾಗಿ ಪರೀಕ್ಷಿಸದೆಯೇ ಮಾನ್ಯ ಮಾಡಿದೆ ಎಂದು ನ್ಯಾಯಾಲಯ ಹೇಳಿತು. 2007ರ ಡಿಸೆಂಬರ್‌ನಲ್ಲಿ, ಅಧ್ಯಕ್ಷೀಯ ಚುನಾವಣೆ ಹನ್ನೊಂದು ತಿಂಗಳಿಗಿಂತ ಕಡಿಮೆ ದೂರವಿರುವಾಗ, ಅಂದಿನ ಸೆಕ್ರೆಟರಿ ಆಫ್ ಸ್ಟೇಟ್ ಮೈಕ್ ಕಾಫ್‌ಮನ್ ಹಲವು ಕಂಪನಿಗಳ ಯಂತ್ರಗಳ ಮಾನ್ಯತೆಯನ್ನು ರದ್ದು ಮಾಡಿದರು. ಕೌಂಟಿಗಳು ಕಂಗಾಲಾದವು, ಶಾಸನಸಭೆ ಮರುಪರೀಕ್ಷೆಗೆ ಅವಕಾಶ ಕೊಟ್ಟಿತು, ಬಹುಪಾಲು ಯಂತ್ರಗಳು ಮತ್ತೆ ಬಳಕೆಗೆ ಬಂದವು. ಯಂತ್ರ ಶುದ್ಧವೋ ಅಶುದ್ಧವೋ ಎಂಬ ಪ್ರಮಾಣಪತ್ರವನ್ನೇ ನಂಬಿ ಕುಳಿತರೆ ಇಂಥ ಪೇಚಿಗೆ ಕೊನೆಯಿಲ್ಲ.

2009ರ ಕಾಯ್ದೆ ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಅದು ಕಡ್ಡಾಯ ಮಾಡಿದ ರಿಸ್ಕ್ ಲಿಮಿಟಿಂಗ್ ಆಡಿಟ್‌ಗೆ, ಅಂದರೆ ಕೆಲವು ಮತಪತ್ರಗಳನ್ನು ಕೈಯಿಂದ ನೋಡಿ ಯಂತ್ರದ ಎಣಿಕೆಯನ್ನು ಪರೀಕ್ಷಿಸುವ ವಿಧಾನಕ್ಕೆ, ಬುನಾದಿ ಹಾಕಿದವರು ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್. ಮೊದಲು ಗೊತ್ತುಮಾಡಿದ ಗಡುವು 2014. ಯಂತ್ರಗಳೂ ತಂತ್ರಾಂಶವೂ ಸಿದ್ಧವಿರಲಿಲ್ಲವಾಗಿ ಅದನ್ನು 2017ಕ್ಕೆ ಮುಂದೂಡಲಾಯಿತು. ಆ ವರ್ಷದ ನವೆಂಬರ್‌ನಲ್ಲಿ, ಇಡೀ ರಾಜ್ಯದ ಮಟ್ಟದಲ್ಲಿ ಇಂಥ ಆಡಿಟ್ ನಡೆಸಿದ ಮೊದಲ ಅಮೆರಿಕನ್ ರಾಜ್ಯವಾಯಿತು ಕೊಲರಾಡೊ.

ಆಡಿಟ್ ನಡೆಯುವ ಕ್ರಮ ಹೀಗೆ. ಸ್ಕ್ಯಾನ್ ಆದ ಪ್ರತಿಯೊಂದು ಮತಪತ್ರವನ್ನೂ ಯಂತ್ರ ಹೇಗೆ ಓದಿತು ಎಂಬ ದಾಖಲೆಯನ್ನು ಕೌಂಟಿ ಮೊದಲೇ ರಾಜ್ಯಕ್ಕೆ ಒಪ್ಪಿಸಬೇಕು, ಆಮೇಲೆ ಅದನ್ನು ತಿದ್ದುವಂತಿಲ್ಲ. ಅದಾದ ನಂತರ ಡೆನ್ವರ್‌ನಲ್ಲಿ ಸಾರ್ವಜನಿಕರ ಎದುರು ಹತ್ತು ಮುಖದ ದಾಳಗಳನ್ನು ಉರುಳಿಸಿ ಇಪ್ಪತ್ತು ಅಂಕಿಗಳ ಒಂದು ಸಂಖ್ಯೆಯನ್ನು ಪಡೆಯುತ್ತಾರೆ. ಯಾವ ಕೌಂಟಿಯ ಯಾವ ಪೆಟ್ಟಿಗೆಯ ಎಷ್ಟನೆಯ ಮತಪತ್ರವನ್ನು ತೆಗೆಯಬೇಕು ಎಂಬುದು ಆ ಸಂಖ್ಯೆಯಿಂದ ನಿರ್ಧಾರವಾಗುತ್ತದೆ. ದಾಳ ಉರುಳುವವರೆಗೂ ಯಾರಿಗೂ, ಯಂತ್ರ ಕೆಡಿಸಿದವನಿಗೂ, ಯಾವ ಹಾಳೆ ಪರೀಕ್ಷೆಗೆ ಬರುತ್ತದೆಂದು ತಿಳಿಯದು. ಕೌಂಟಿಯಲ್ಲಿ ಬೇರೆ ಬೇರೆ ಪಕ್ಷದ ಇಬ್ಬರು ಮೇಜಿನ ಮುಂದೆ ಕೂರುತ್ತಾರೆ. ಪೆಟ್ಟಿಗೆ ಬರುತ್ತದೆ, ಅದರ ಸೀಲ್ ಸಂಖ್ಯೆಯನ್ನು ದಾಖಲೆಯ ಜೊತೆ ತಾಳೆ ನೋಡಿ ಒಡೆಯುತ್ತಾರೆ, ಹಾಳೆಗಳನ್ನು ಎಣಿಸುತ್ತಾ ಬೇಕಾದ ಹಾಳೆಯನ್ನು ಹೊರತೆಗೆಯುತ್ತಾರೆ. ಒಬ್ಬರು ಅದರಲ್ಲಿರುವ ಗುರುತುಗಳನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ನಮೂದಿಸುತ್ತಾರೆ. ಅದೇ ಹಾಳೆಯನ್ನು ಯಂತ್ರ ಹೇಗೆ ಓದಿತ್ತು ಎಂಬುದನ್ನು ಅವರಿಗೆ ತೋರಿಸುವುದಿಲ್ಲ. ಹೋಲಿಕೆ ನಡೆಯುವುದು ಆಮೇಲೆ. ಆಡಿಟ್ ಮೇಜುಗಳಲ್ಲಿ ನಾನು ಕಂಡ ವ್ಯತ್ಯಾಸಗಳಲ್ಲಿ ಹೆಚ್ಚಿನವು ಮನುಷ್ಯರದೇ: ಪಕ್ಕದ ಹಾಳೆಯನ್ನು ಎಳೆದಿರುತ್ತಾರೆ, ಅಥವಾ ಮತದಾರರು ಒಂದು ಅಂಡಾಕಾರವನ್ನು ತುಂಬಿ, ಅದನ್ನು ಹೊಡೆದುಹಾಕಿ ಇನ್ನೊಂದನ್ನು ತುಂಬಿದ್ದನ್ನು ಇಬ್ಬರು ಎರಡು ರೀತಿ ಅರ್ಥಮಾಡಿಕೊಂಡಿರುತ್ತಾರೆ.

ಎಷ್ಟು ಹಾಳೆ ತೆಗೆದರೆ ಸಾಕು? ಇಲ್ಲಿ ಅನೇಕರಿಗೆ ನಂಬಿಕೆ ಬರುವುದಿಲ್ಲ. ಒಟ್ಟು ಮತ ಎಷ್ಟು ಎಂಬುದು ಬಹುಮಟ್ಟಿಗೆ ಮುಖ್ಯವಲ್ಲ, ಗೆಲುವಿನ ಅಂತರ ಎಷ್ಟು ಎಂಬುದೇ ಮುಖ್ಯ. ತಪ್ಪು ಫಲಿತಾಂಶ ಆಡಿಟ್‌ನ ಕಣ್ಣು ತಪ್ಪಿಸುವ ಸಾಧ್ಯತೆ ಶೇ. 5ನ್ನು ಮೀರಬಾರದು ಎಂದು ಮಿತಿ ಇಟ್ಟುಕೊಳ್ಳಿ. ವ್ಯತ್ಯಾಸಗಳೇನೂ ಸಿಗದಿದ್ದರೆ, ಶೇ. 10ರ ಅಂತರಕ್ಕೆ ಅರವತ್ತು ಚಿಲ್ಲರೆ ಹಾಳೆಗಳು ಸಾಕು. ಶೇ. 1ರ ಅಂತರಕ್ಕೆ ಆರುನೂರು ಚಿಲ್ಲರೆ ಬೇಕು. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವವರು ಪಾತ್ರೆ ದೊಡ್ಡದೆಂದು ಹೆಚ್ಚು ಅಗುಳು ಹಿಚುಕುವುದಿಲ್ಲವಷ್ಟೆ. ಹಿಚುಕಿದ ಅಗುಳು ಬೆಂದಿಲ್ಲವಾದರೆ, ಅಂದರೆ ಯಂತ್ರದ ಓದಿಗೂ ಕಾಗದಕ್ಕೂ ತಾಳೆಯಾಗದಿದ್ದರೆ, ಇನ್ನಷ್ಟು ಹಾಳೆಗಳನ್ನು ತೆಗೆಯಬೇಕು. ಸಂಶಯ ತೀರದೆ ಹೋದರೆ ಪೂರ್ಣ ಕೈ ಎಣಿಕೆಯವರೆಗೂ ಹೋಗಬೇಕು. ಸೋರಿದ ಪಾಸ್‌ವರ್ಡ್ ಬಳಸಿ ಯಾರಾದರೂ ಗೆಲುವನ್ನೇ ತಿರುಗಿಸಿದ್ದರೂ, ಆಡಿಟ್‌ಗೆ ಆಯ್ಕೆಯಾದ ಸ್ಪರ್ಧೆಯಲ್ಲಿ ಅದು ಸಿಕ್ಕಿಬೀಳುವ ಸಾಧ್ಯತೆ ಬಹಳ ಹೆಚ್ಚು ಎಂದು ನಾನು ಧೈರ್ಯವಾಗಿ ಹೇಳುವುದು ಈ ಲೆಕ್ಕದ ಬಲದಿಂದ.

‘ಆಯ್ಕೆಯಾದ ಸ್ಪರ್ಧೆಯಲ್ಲಿ’ ಎಂದು ಬೇಕೆಂದೇ ಬರೆದಿದ್ದೇನೆ. ಮತಪತ್ರದಲ್ಲಿರುವ ಎಲ್ಲ ಸ್ಪರ್ಧೆಗಳಿಗೂ ಈ ಖಾತರಿ ಸಿಗುವುದಿಲ್ಲ. ರಾಜ್ಯಮಟ್ಟದ ಒಂದು ಸ್ಪರ್ಧೆಯನ್ನೂ ಪ್ರತಿ ಕೌಂಟಿಗೆ ಒಂದನ್ನೂ ಕನಿಷ್ಠ ಆರಿಸಲಾಗುತ್ತದೆ, ಹಾಗಾಗಿ ನಿಮ್ಮ ಶಾಲಾ ಮಂಡಳಿಯ ಚುನಾವಣೆ ಅದರಲ್ಲಿ ಸೇರದೆ ಇರಬಹುದು. ಅಂತರ ತೀರಾ ಕಡಿಮೆಯಿದ್ದರೆ ಬೇರೆ ನಿಯಮವಿದೆ: ಗೆದ್ದವರ ಮತಗಳ ಶೇ. 0.5ರಷ್ಟು ಅಥವಾ ಅದಕ್ಕಿಂತ ಕಡಿಮೆ ಅಂತರವಿದ್ದರೆ ಮರುಎಣಿಕೆ ತಾನಾಗಿಯೇ ನಡೆಯುತ್ತದೆ. ಮೆಸಾ ಕೌಂಟಿಯೂ ಸೇರಿರುವ ಮೂರನೆಯ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ 2022ರಲ್ಲಿ ಹಾಗೆಯೇ ಆಯಿತು. ಮೂರು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಅಂತಿಮ ಅಂತರ 546, ಮರುಎಣಿಕೆಯಿಂದ ಬದಲಾದ ಮತಗಳು ಬೆರಳೆಣಿಕೆಯಷ್ಟು.

ಇನ್ನೂ ದೊಡ್ಡ ಮಿತಿಯೊಂದಿದೆ. ಆಡಿಟ್ ಪರೀಕ್ಷಿಸುವುದು ಪೆಟ್ಟಿಗೆಯಲ್ಲಿರುವ ಕಾಗದವನ್ನು ಮಾತ್ರ. ಆ ಕಾಗದ ಸರಿಯಾದ ಮತದಾರರದೇ ಎಂದು ಅದು ಹೇಳಲಾರದು. 2024ರ ಅಕ್ಟೋಬರ್‌ನಲ್ಲಿ ಅದೇ ಮೆಸಾ ಕೌಂಟಿಯಲ್ಲಿ ಹನ್ನೆರಡರಷ್ಟು ಮತಪತ್ರಗಳನ್ನು ಅಂಚೆಯಿಂದ ಕದ್ದು, ಸಹಿ ನಕಲು ಮಾಡಿ ಹಾಕಿದ್ದು ಪತ್ತೆಯಾಯಿತು. ಹೆಚ್ಚಿನವು ಸಹಿ ತಾಳೆ ನೋಡುವ ಹಂತದಲ್ಲಿ ಸಿಕ್ಕಿಬಿದ್ದವು, ಮೂರು ಮಾತ್ರ ದಾಟಿ ಎಣಿಕೆಗೆ ಸೇರಿದವು. ಲಕೋಟೆಯಿಂದ ಬೇರ್ಪಟ್ಟ ಮತಪತ್ರ ಯಾರದೆಂದು ತಿಳಿಯುವ ದಾರಿಯಿಲ್ಲದ ಕಾರಣ ಅವನ್ನು ಹಿಂತೆಗೆಯಲಾಗಲಿಲ್ಲ. ಮತದ ಗೌಪ್ಯತೆಗೆ ನಾವು ತೆರುವ ಬೆಲೆ ಇದು, ಮತ್ತು ಯಂತ್ರದ ಬಗ್ಗೆ ಬರೆದ ಯಾವ ಕಾಯ್ದೆಯೂ ಇದನ್ನು ಮುಟ್ಟುವುದಿಲ್ಲ. ನಿಮ್ಮ ಮತಪತ್ರ ಎಲ್ಲಿದೆ ಎಂದು ತಿಳಿಸುವ ಬ್ಯಾಲಟ್‌ಟ್ರ್ಯಾಕ್ಸ್ ಸೂಚನೆಗಳಿಗೆ ನೀವು ನೋಂದಾಯಿಸಿಕೊಂಡಿಲ್ಲವಾದರೆ ಇಂದೇ ಮಾಡಿಕೊಳ್ಳಿ. ನೀವು ಹಾಕದ ಮತ ಸ್ವೀಕೃತವಾಗಿದೆ ಎಂಬ ಸಂದೇಶ ಬಂದರೆ ತಕ್ಷಣ ಕೌಂಟಿಗೆ ದೂರು ಕೊಡಬಹುದು.

ಕೈ ಎಣಿಕೆಯ ಮಾತಿಗೆ ಬಂದರೆ, ಮೈಸೂರಿನ ನೆನಪು ಇಲ್ಲಿ ದಾರಿ ತಪ್ಪಿಸಬಹುದು. ನಮ್ಮಲ್ಲಿ ಒಂದು ಮತಪತ್ರದಲ್ಲಿ ಒಂದೇ ಸ್ಪರ್ಧೆ, ಹಾಳೆಗಳನ್ನು ಅಭ್ಯರ್ಥಿವಾರು ವಿಂಗಡಿಸಿ ಕಟ್ಟು ಕಟ್ಟಿದರೆ ಎಣಿಕೆಯ ಮುಕ್ಕಾಲು ಪಾಲು ಮುಗಿದಂತೆ. 2024ರಲ್ಲಿ ನಿಮ್ಮ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದಿಂದ ಹಿಡಿದು, ಹುದ್ದೆಯಲ್ಲಿರುವ ನ್ಯಾಯಾಧೀಶರು ಮುಂದುವರಿಯಬೇಕೇ ಎಂಬ ಪ್ರಶ್ನೆಯವರೆಗಿನ ಸ್ಪರ್ಧೆಗಳ ಜೊತೆಗೆ ರಾಜ್ಯಮಟ್ಟದ ಪ್ರಸ್ತಾವಗಳೇ 14 ಇದ್ದವು. ಅಂಥ ಹಾಳೆಯನ್ನು ವಿಂಗಡಿಸಲಾಗದು, ಸಾಲು ಸಾಲಾಗಿ ಓದಿ ಗೆರೆ ಹಾಕಬೇಕು. ಆಯಾಸಗೊಂಡ ಮನುಷ್ಯರು ಆ ಕೆಲಸದಲ್ಲಿ ಸ್ಕ್ಯಾನರ್‌ಗಿಂತ ಹೆಚ್ಚು ತಪ್ಪು ಮಾಡುತ್ತಾರೆ, ಫಲಿತಾಂಶವೂ ತಡವಾಗುತ್ತದೆ, ಆ ಅವಧಿಯಲ್ಲಿ ವದಂತಿಗಳು ಬೆಳೆಯುತ್ತವೆ. ಕ್ಯಾಲಿಫೋರ್ನಿಯಾದ ಶಾಸ್ತಾ ಕೌಂಟಿ ಯಂತ್ರಗಳನ್ನು ಕೈಬಿಟ್ಟು ಪೂರ್ಣ ಕೈ ಎಣಿಕೆಗೆ ಹೊರಟಾಗ, ನಿಗದಿತ ಚುನಾವಣೆಗಳಲ್ಲಿ ಸಾವಿರಕ್ಕಿಂತ ಹೆಚ್ಚು ಮತದಾರರಿರುವಲ್ಲಿ ಹಾಗೆ ಮಾಡುವಂತಿಲ್ಲ ಎಂದು ಆ ರಾಜ್ಯ 2023ರಲ್ಲಿ ಕಾಯ್ದೆಯನ್ನೇ ತಂದಿತು. ಎಲ್ಲವನ್ನೂ ಯಂತ್ರದಿಂದ ಎಣಿಸಿ, ಕೆಲವನ್ನು ಕೈಯಿಂದ ಪರೀಕ್ಷಿಸುವುದೇ ಸದ್ಯಕ್ಕೆ ನಮಗಿರುವ ಉತ್ತಮ ಏರ್ಪಾಡು. ಅದಕ್ಕೆ ಪರೀಕ್ಷಿಸುವ ಕಾಗದ ಮತದಾರರು ತಾವೇ ಓದಬಲ್ಲದ್ದಾಗಿರಬೇಕು ಎಂಬ ಷರತ್ತಿದೆ. ಯಂತ್ರ ಮುದ್ರಿಸಿದ ಮತಪತ್ರದ ಕ್ಯೂಆರ್ ಕೋಡ್ ಎಣಿಸುವುದನ್ನು ಬಿಡುವುದಾಗಿ ಕೊಲರಾಡೊ 2019ರಲ್ಲೇ ಪ್ರಕಟಿಸಿತು. ಜಾರ್ಜಿಯಾ 2024ರ ಕಾಯ್ದೆಯಲ್ಲಿ ಅದಕ್ಕೆ 2026ರ ಜುಲೈ 1ರ ಗಡುವು ಇಟ್ಟಿತು.

ಭಾರತದ ಜೊತೆ ಹೋಲಿಸುವವರಿಗೆ ಒಂದು ಮಾತು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಇವಿಎಂಗೂ ಜಾಲದ ಸಂಪರ್ಕವಿಲ್ಲ, ಇಡೀ ದೇಶಕ್ಕೆ ಒಂದೇ ಆಯೋಗದ ನಿಯಮವಿದೆ. ಇಲ್ಲಿ ಸಂವಿಧಾನ ಚುನಾವಣೆಯ ಕ್ರಮವನ್ನು ಮೊದಲಿಗೆ ರಾಜ್ಯಗಳಿಗೆ ಬಿಟ್ಟಿರುವುದರಿಂದ ಗಡಿ ದಾಟಿದರೆ ಕಾಯ್ದೆ ಬದಲಾಗುತ್ತದೆ. ಆದರೆ ವಿವಿಪ್ಯಾಟ್ ಚೀಟಿಗಳನ್ನು ನಾವು ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳಲ್ಲಿ, ಅಂತರ ಎಷ್ಟೇ ಇದ್ದರೂ, ತಾಳೆ ನೋಡುತ್ತೇವೆ. ಇಲ್ಲಿ ಅಂತರ ಕಡಿಮೆಯಾದಂತೆ ಪರೀಕ್ಷೆ ಹಿಗ್ಗುತ್ತದೆ. ಭಾರತ ಕೊಲರಾಡೊದಿಂದ ಕಲಿಯಬಹುದಾದ ಅಂಶವೊಂದಿದ್ದರೆ ಅದು ಇದೇ ಎಂದು ನನ್ನ ಅಭಿಪ್ರಾಯ.

ಕೊನೆಯದಾಗಿ ನಿಮ್ಮ ಆಸೆಯ ವಿಷಯ. ಖಂಡಿತ ಅರ್ಜಿ ಹಾಕಿ. ಅರೋರಾ ಮೂರು ಕೌಂಟಿಗಳಲ್ಲಿ ಹರಡಿದೆ, ಆದ್ದರಿಂದ ನಿಮ್ಮ ವಿಳಾಸ ಅರಾಪಾಹೋ, ಆ್ಯಡಮ್ಸ್, ಡಗ್ಲಸ್‌ಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ನೋಡಿಕೊಂಡು ಆ ಕೌಂಟಿಯ ಕ್ಲರ್ಕ್ ಕಚೇರಿಯನ್ನು ಸಂಪರ್ಕಿಸಿ. ಆಡಿಟ್ ಮೇಜಿನಲ್ಲೇ ಕೂರಬೇಕೆಂದಿದ್ದರೆ, ಅಲ್ಲಿಗೆ ಹೆಸರು ಸೂಚಿಸುವುದು ಎರಡು ದೊಡ್ಡ ಪಕ್ಷಗಳ ಕೌಂಟಿ ಘಟಕಗಳು. ಯಾವುದಾದರೂ ಒಂದು ಪಕ್ಷದ ಸದಸ್ಯರಾಗಿ ನೋಂದಾಯಿಸಿಕೊಂಡಿದ್ದರೆ ಅವರಿಗೂ ಬರೆಯಿರಿ. ಪಕ್ಷದ ಗುರುತು ಬೇಡವೆಂದಾದರೆ ಸಹಿ ತಾಳೆ ನೋಡುವ ಮೇಜಿನ ಕೆಲಸವನ್ನು ಕೇಳಿನೋಡಿ. ಮೆಸಾದ ಕದ್ದ ಮತಪತ್ರಗಳು ಸಿಕ್ಕಿಬಿದ್ದದ್ದು ಆ ಮೇಜಿನಲ್ಲಿ, ಜಾರಿಹೋದ ಮೂರು ಜಾರಿದ್ದೂ ಅಲ್ಲಿಯೇ. ಅರ್ಜಿಗೆ ಮೊದಲು ಕೆಲಸ ಹೇಗಿರುತ್ತದೆಂದು ತಿಳಿಯಬೇಕಾದರೆ, ಚುನಾವಣೆಗೆ ಮುನ್ನ ಪ್ರತಿ ಕೌಂಟಿಯಲ್ಲೂ ಗೊತ್ತಿರುವ ಉತ್ತರದ ಮತಪತ್ರಗಳನ್ನು ಯಂತ್ರಕ್ಕೆ ಕೊಟ್ಟು ನೋಡುವ ಪರೀಕ್ಷೆ ನಡೆಯುತ್ತದೆ, ಅದು ಸಾರ್ವಜನಿಕರಿಗೆ ತೆರೆದಿರುತ್ತದೆ. ನಿಮ್ಮ ಗುಂಪಿನಲ್ಲಿ ಹೆಚ್ಚು ಸಂದೇಶ ಕಳುಹಿಸುವವರು ಯಾರೋ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.